ಯಾರದ್ದೂ ಅಲ್ಲದ ಹಲಗೆ

ಆ ಊರಿನ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಅಲ್ಲಿಯವರು ನಿಮ್ಮ ಅಂಗಿ ಬಿಚ್ಚಿಸುತ್ತಾರೆ, ಆಮೇಲೆ ನೀವು ಬಂದು ನನ್ನನ್ನು ಬೈಯುತ್ತೀರಿ.

ಊರಿನ ನಂಬಿಕೆ ಇಷ್ಟು. ಮನುಷ್ಯರನ್ನು ಭೂಮಿಗೆ ಕಳಿಸುವವನು ಮೇಲಿನ ಮಡಿವಾಳ. ಅವನ ಹತ್ತಿರ ರಾಶಿ ರಾಶಿ ಮೈಗಳು ಒಗೆಯುವುದಕ್ಕೆ ಬರುತ್ತವೆ. ಒಗೆದು, ಹಿಂಡಿ, ಮೋಡದ ಮೇಲೆ ಒಣಹಾಕಿ, ಮತ್ತೆ ಆಯಾ ಮನೆಗೆ ತಲುಪಿಸಬೇಕು. ಮನೆ ತಪ್ಪಬಾರದು ಅಂತ ಒಂದೊಂದು ಮೈಗೂ ಎಷ್ಟು ಒಗೆದರೂ ಹೋಗದ ಕೇರೆಣ್ಣೆಯಲ್ಲಿ ಒಂದೊಂದು ಗುರುತು ಹಾಕುತ್ತಾನೆ. ನಮ್ಮ ಮಡಿವಾಳರು ಪಂಚೆಯ ಮೂಲೆಗೆ ಚುಕ್ಕೆ ಇಡುವುದಿಲ್ಲವೆ, ಹಾಗೆ. ಅದೇ ಹುಟ್ಟುಮಚ್ಚೆ.

ಮಗು ಹುಟ್ಟಿದ ಮೂರನೆಯ ದಿನ ಸೂಲಗಿತ್ತಿ ಬರುತ್ತಿದ್ದಳು. ತೆಳ್ಳನೆಯ ಬಿಳಿ ಬಟ್ಟೆಯೊಂದನ್ನು ಮಗುವಿನ ಮಚ್ಚೆಯ ಮೇಲೆ ಹಾಸಿ, ಅಂಚು ತಪ್ಪದ ಹಾಗೆ ಅದರ ಆಕಾರ ಬರೆದುಕೊಳ್ಳುತ್ತಿದ್ದಳು. ಆ ಬಟ್ಟೆ ಚಾವಡಿಯ ಪೆಟ್ಟಿಗೆಗೆ ಸೇರುತ್ತಿತ್ತು. ಆಮೇಲೆ ವರ್ಷಕ್ಕೊಮ್ಮೆ, ಬಿಸಿಲು ಚೆನ್ನಾಗಿರುವ ದಿನ ನೋಡಿ, ಊರಿನ ದೊಡ್ಡವರೆಲ್ಲ ಚಾವಡಿಯ ಮುಂದೆ ಸಾಲು ನಿಲ್ಲಬೇಕು. ಅದಕ್ಕೆ ಒಪ್ಪಿಸುವ ದಿನ ಅಂತ ಹೆಸರು.

"ಯಾರ ಮನೆಯದು?" ಅಂತ ಗುರುತಿನ ಯಜಮಾನ ಕೇಳಬೇಕು.

"ಗುರುತು ಹೇಳಲಿ," ಅಂತ ಊರು ಹೇಳಬೇಕು.

ಬಟ್ಟೆಯನ್ನು ಮಚ್ಚೆಯ ಮೇಲಿಡಬೇಕು. ಎರಡೂ ಒಂದಕ್ಕೊಂದು ಕೂಡಿದರೆ ಯಜಮಾನ "ಕೂಡಿತು" ಅನ್ನಬೇಕು, ಕಂಚಿನ ತಟ್ಟೆಗೆ ಒಂದು ಪೆಟ್ಟು ಬೀಳಬೇಕು. ಅಲ್ಲಿಗೆ ಮುಗಿಯಿತು, ಇನ್ನೊಂದು ವರ್ಷ ನೀನು ನೀನೇ. ಮನೆಗೆ ಹೋಗಿ ಊಟ ಮಾಡು.

ಕೂಡದಿದ್ದರೆ? ಕೂಡದಿದ್ದರೆ ತಪ್ಪು ಮನೆಗೆ ಬಂದ ಮೈ ಅದು. ಅಂಥದನ್ನು ಚಾವಡಿಯ ಹಿಂಗೋಡೆಯಲ್ಲಿದ್ದ ಹಲಗೆಯ ಮೇಲೆ ಕೂರಿಸುತ್ತಿದ್ದರು. ಯಾರದ್ದೂ ಅಲ್ಲದ ಹಲಗೆ ಅಂತ ಅದನ್ನು ಕರೆಯುತ್ತಿದ್ದರು. ಹೊನ್ನೆ ಮರದ್ದು, ಆಳೆತ್ತರದಲ್ಲಿತ್ತು, ಕಾಲು ಇಳಿಬಿಟ್ಟು ಕೂರಬೇಕು. ಯಾರಾದರೂ ಬಂದು "ಇದು ನಮ್ಮನೇದು" ಅಂದರೆ ಇಳಿಸಿಕೊಂಡು ಹೋಗಬಹುದು. ಆದರೆ ಹಾಗೆ ಅನ್ನುವವರು ಮೊದಲು ತಮ್ಮ ಮಚ್ಚೆಯನ್ನು ಅಂಟುವಾಳದ ನೀರಲ್ಲಿ ತೊಳೆಸಿ, ಬಟ್ಟೆಗೆ ಇನ್ನೊಮ್ಮೆ ಕೂಡಿಸಿ ತೋರಿಸಬೇಕು.

ಆ ಕೊನೆಯ ಮಾತೊಂದು ಇಲ್ಲದಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಹಲಗೆಯ ಮೇಲೆ ಆಗ ಒಬ್ಬನೇ ಇದ್ದ. ಕೊಡೆ ರಿಪೇರಿಯ ಅಜ್ಜ. ಹನ್ನೊಂದು ವರ್ಷದಿಂದ ಅಲ್ಲೇ ಕೂತಿದ್ದ. ಚಾವಡಿ ಗುಡಿಸುವವಳು ಮಂಗಳವಾರಕ್ಕೊಮ್ಮೆ ಅವನ ಧೂಳು ಹೊಡೆಯುತ್ತಿದ್ದಳು. "ಕಾಲೆತ್ತಜ್ಜ" ಅಂದರೆ ಎತ್ತುತ್ತಿದ್ದ, "ಬಿಡಜ್ಜ" ಅಂದರೆ ಬಿಡುತ್ತಿದ್ದ. ಮಳೆಗಾಲಕ್ಕೆ ಮೊದಲು ಜನ ಮುರಿದ ಕೊಡೆಗಳನ್ನು ಮೇಲಕ್ಕೆ ಚಾಚುತ್ತಿದ್ದರು, ಅವನು ಅಲ್ಲೇ ಕೂತು ಕಡ್ಡಿ ಹಾಕಿ ಕೊಡುತ್ತಿದ್ದ. ಯಾರದ್ದೂ ಅಲ್ಲದವನು ರಿಪೇರಿ ಮಾಡಿದ ಕೊಡೆ ಯಾರ ತಲೆಯ ಮೇಲಾದರೂ ನಿಲ್ಲುತ್ತಿತ್ತು. ಅದಕ್ಕೇನೂ ಅಡ್ಡಿಯಿರಲಿಲ್ಲ.

ಅವನು ಮಾಡಿದ ತಪ್ಪು ಇಷ್ಟೆ. ಹನ್ನೊಂದು ವರ್ಷದ ಹಿಂದಿನ ಒಪ್ಪಿಸುವ ದಿನ ಅವನ ಭುಜದ ಮಚ್ಚೆ ಬಟ್ಟೆಗಿಂತ ದೊಡ್ಡದಾಗಿ ಕಂಡಿತು. ಯಜಮಾನ ಹುಬ್ಬು ಗಂಟಿಕ್ಕಿದ. "ಇದೇನಿದು, ಬೆಳೆದಿದೆ?"

"ಬೆಳೆದಿದೆ ಸ್ವಾಮಿ," ಅಂದ ಅಜ್ಜ. "ನಾನೂ ಬೆಳೆದಿದ್ದೀನಿ."

ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೈ ಬೆಳೆಯಬಹುದು, ಗುರುತು ಬೆಳೆಯುತ್ತದೆಯೆ? ಆರು ಗಜದ ಸೀರೆಗೂ ಅಂಗೈ ಕರವಸ್ತ್ರಕ್ಕೂ ಮಡಿವಾಳ ಇಡುವ ಚುಕ್ಕೆ ಒಂದೇ ಅಳತೆಯದಲ್ಲವೆ? ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಯಾಕೆಂದರೆ ಅಜ್ಜ ಹೇಳಿದ್ದು ನಿಜ ಅಂತ ಆ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಹೇಗೆ ಅಂತೀರಾ? ನಾನು ಆ ಊರಿನ ಬಣ್ಣಗಾರ. ಹೊರಗೆ ಬೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೆ. ಒಳಗಿನ ಕೆಲಸ ಬೇರೆ. ಒಪ್ಪಿಸುವ ದಿನಕ್ಕೆ ಒಂದು ವಾರವಿದೆ ಅನ್ನುವಾಗ, ಮಧ್ಯಾಹ್ನ ಉಂಡು ಊರು ತೂಕಡಿಸುವ ಹೊತ್ತಿಗೆ, ನನ್ನ ಹಿತ್ತಲ ಬಾಗಿಲು ಟಕ್ ಅನ್ನುತ್ತಿತ್ತು. ತೆಗೆದರೆ ಯಾರೋ ಒಬ್ಬರು. ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ, ತಟ್ಟೆಯಲ್ಲಿ ಹಪ್ಪಳವೋ ಹೋಳಿಗೆಯೋ, ಬಾಯಲ್ಲಿ ಒಂದೇ ಮಾತು.

"ನಂದೊಂದೇ ಹಿಂಗಾಗಿರೋದು. ಯಾರಿಗೂ ಹೇಳ್ಬೇಡ."

"ಊರಲ್ಲಿ ನಿಂದೊಂದೇ," ಅನ್ನುತ್ತಿದ್ದೆ ನಾನು. "ಹೇಳಲ್ಲ."

ಆಮೇಲೆ ಅಕ್ಕಿಹಿಟ್ಟು, ಕೆಮ್ಮಣ್ಣು, ಚಿಟಿಕೆ ಅರಿಸಿನ, ಗೋಂದು ಕಲಸಿ, ಅವರವರ ಮೈಬಣ್ಣಕ್ಕೆ ಸರಿಹೊಂದಿಸಿ, ಬೆಳೆದ ಮಚ್ಚೆಯ ಸುತ್ತಲ ಅಂಚನ್ನು ಮುಚ್ಚುತ್ತಿದ್ದೆ. ನಡುವೆ ಹುಟ್ಟಿದ ದಿನದ ಅಳತೆಯಷ್ಟೇ ಉಳಿಯುತ್ತಿತ್ತು. ಮಾಸಿದ್ದಕ್ಕೆ ದೀಪದ ಮಸಿ. ಅವರು ಹೋಗುತ್ತಿದ್ದರು, ಬಾಗಿಲು ಮತ್ತೆ ಟಕ್. "ನಂದೊಂದೇ ಹಿಂಗಾಗಿರೋದು." "ಊರಲ್ಲಿ ನಿಂದೊಂದೇ."

ಹೀಗೆ ಇಪ್ಪತ್ತು ವರ್ಷ. ಅಜ್ಜ ಹಲಗೆ ಹತ್ತಿದ ವರ್ಷ ಮಾತ್ರ ಅವನೊಬ್ಬ ಬಾಗಿಲು ತಟ್ಟಿರಲಿಲ್ಲ. ಊರಿನಲ್ಲಿ ಮುನ್ನೂರು ಜನ ದೊಡ್ಡವರಿದ್ದರು. ಮುನ್ನೂರೂ ಜನರದ್ದು ಅವರೊಬ್ಬರದ್ದೇ. ನನಗೆ ಇದಕ್ಕಿಂತ ಒಳ್ಳೆಯ ತಮಾಷೆ ಇನ್ನೆಲ್ಲಿ ಸಿಗಬೇಕು ಹೇಳಿ.

ಯಜಮಾನನೂ ಬರುತ್ತಿದ್ದ. ಅವನ ಗುರುತು ಕೂರುವ ಜಾಗದಲ್ಲಿತ್ತು. ಹುಟ್ಟಿದಾಗ ಅಂಗೈಯಗಲ, ಮಳೆಮೋಡದ ನೀಲಿ. ಅಂಥದು ಎಷ್ಟೋ ಕೂಸುಗಳಿಗೆ ಇರುತ್ತದೆ, ಬೆಳೆಯುತ್ತ ತಾನೇ ಮಾಸುತ್ತದೆ, ಅವನದ್ದೂ ನಾಲ್ಕು ವರ್ಷಕ್ಕೆ ಮಾಸಿತ್ತು. ಅವನು ಮಾತ್ರ ದೇವರು ತನ್ನ ಸಹಿಯನ್ನು ಅಳಿಸಿಬಿಟ್ಟ ಅಂತ ತಿಳಿದು ಒಳಗೊಳಗೇ ಒಣಗಿಹೋಗಿದ್ದ. ಊರಿಗೆಲ್ಲ ಗಂಭೀರನಾದ ಆ ಮನುಷ್ಯ ವರ್ಷಕ್ಕೊಮ್ಮೆ ನನ್ನ ಹಿತ್ತಲಲ್ಲಿ ಬೋರಲು ಮಲಗುತ್ತಿದ್ದ. ನಾನು ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದೆ.

"ನಿಮ್ಮದನ್ನ ಪರದೆ ಹಿಂದೆ ನೀವೇ ಕನ್ನಡಿಯಲ್ಲಿ ನೋಡ್ಕೊಂಡು 'ಕೂಡಿತು' ಅಂತೀರಲ್ಲ, ಬಣ್ಣ ಯಾಕೆ ಬೇಕು?" ಅಂತ ಒಮ್ಮೆ ಕೇಳಿದ್ದೆ.

"ಸುಳ್ಳು ಹೇಳಬಾರದಲ್ಲಪ್ಪ," ಅಂದ.

ನನ್ನ ಗುರುತಿನ ವಿಷಯ ಕೇಳುತ್ತೀರೇನೋ. ಆಮೇಲೆ ಹೇಳುತ್ತೇನೆ, ಮೊದಲು ದೋಸೆಯವಳು ಬರಲಿ.

ದೋಸೆಯವಳು ಅಂದರೆ ಹಲಗೆಯ ಅಜ್ಜನ ಮಗಳು. ಚಾವಡಿಯ ಎದುರೇ ಅವಳ ಒಲೆ. ಹನ್ನೊಂದು ವರ್ಷದಿಂದ ಪ್ರತಿ ಬೆಳಗ್ಗೆ ಮೊದಲ ಎರಡು ದೋಸೆ ಹಲಗೆಗೆ ಹೋಗುತ್ತಿದ್ದವು. ಅಜ್ಜ ತಿಂದು "ಉಪ್ಪು ಕಮ್ಮಿ" ಅನ್ನುತ್ತಿದ್ದ. ಅವಳು "ಇಳಿದು ಬಂದು ನೀನೇ ಹಾಕ್ಕೋ" ಅನ್ನುತ್ತಿದ್ದಳು. ಇಳಿಸುವ ಮಾತು ಮಾತ್ರ ಅವಳ ಬಾಯಿಂದ ಬರುತ್ತಿರಲಿಲ್ಲ. ಅವಳ ಮೀನಖಂಡದ ಮೇಲೆ ಹುಣಸೆಬೀಜದಂಥ ಮಚ್ಚೆಯೊಂದಿತ್ತು, ಅದರ ಸುತ್ತ ನನ್ನ ಅಕ್ಕಿಹಿಟ್ಟಿತ್ತು. ಅಂಟುವಾಳದ ನೀರು ಬಿದ್ದರೆ ಅಪ್ಪನ ಪಕ್ಕ ಮಗಳು ಕೂರಬೇಕಾಗುತ್ತಿತ್ತು.

ಹೋದ ವರ್ಷ ಅವಳು ಬಂದಾಗ ಮಚ್ಚೆ ಒಂದು ಕಡೆಗೆ ಸ್ವಲ್ಪ ಚಾಚಿಕೊಂಡಿತ್ತು. "ಹಿಟ್ಟು ಹರಿದುಬಿಟ್ಟಿದೆಯಲ್ಲೇ," ಅಂದಿದ್ದೆ. ಅವಳೂ ನಕ್ಕಿದ್ದಳು. ಬಳಿದು ಕಳಿಸಿದ್ದೆ.

ಈ ವರ್ಷ ಬಂದವಳು ತಟ್ಟೆ ಕೆಳಗಿಟ್ಟು, ಸೀರೆ ಮೇಲೆ ಸರಿಸಿ, ಕಾಲನ್ನು ನನ್ನ ಮಣೆಯ ಮೇಲಿಟ್ಟಳು.

"ಬೇಗ ಬಳಿ ಬಣ್ಣಗಾರ. ಒಲೆ ಮೇಲೆ ಹೆಂಚಿಟ್ಟು ಬಂದಿದ್ದೀನಿ. ನಂದೊಂದೇ ಹಿಂಗಾ—"

ನಾನು ಕಾಲನ್ನು ನೋಡಿದೆ. ನೋಡಿ ನನ್ನ ಪಾಲಿನ ಮಾತು ಮರೆತುಹೋಯಿತು.

ಮುನ್ನೂರು ಮಚ್ಚೆ ನೋಡಿದ ಕಣ್ಣು ನನ್ನದು. ಎಲ್ಲರದ್ದೂ ಬೆಳೆದಿದ್ದವು, ಸಣ್ಣಕ್ಷರ ದೊಡ್ಡಕ್ಷರವಾದ ಹಾಗೆ, ಆಕಾರ ಅದೇ, ಅಳತೆ ಬೇರೆ. ಇದು ಹಾಗಿರಲಿಲ್ಲ. ಒಂದು ಬದಿ ಸುಮ್ಮನಿತ್ತು, ಇನ್ನೊಂದು ಬದಿ ಓಡುತ್ತಿತ್ತು. ಅಂಚು ಹರಿದ ದೋಸೆಯಂತೆ. ಒಂದು ಕಡೆ ಕಂದು, ಒಂದು ಕಡೆ ಡಾಂಬರು ಕಪ್ಪು, ನಡುವೆ ಎಲ್ಲೋ ನೀಲಿ.

"ಕೆರೆಯುತ್ತಾ?"

"ಕೆರೆಯತ್ತೆ. ಕಾಲ್ಗಡಗ ತಾಗಿದ್ರೆ ರಕ್ತನೂ ಬರತ್ತೆ. ಅದೆಲ್ಲ ನಿಂಗ್ಯಾಕೆ, ನೀನು ಬಳಿ."

"ಗೋಂದು ಮುಗಿದಿದೆ. ನಾಳೆ ಬಾ," ಅಂದೆ. ಸುಳ್ಳು. ಅವತ್ತಿಗೆ ಅದೊಂದು ಸುಳ್ಳು ನನ್ನ ಬಾಯಿಗೆ ಭಾರವಾಯಿತು, ಯಾಕೋ.

ಹೊಳೆಯ ಸೇತುವೆ ದಾಟಿದರೆ ಒಂದು ಹೆಂಚಿನ ಮನೆ. ಅಲ್ಲಿ ನೋಡುವವಳು ಇದ್ದಳು. ಓದಿಕೊಂಡ ವೈದ್ಯೆ, ಕೈಯಲ್ಲಿ ದಪ್ಪ ಗಾಜು, ಮೈಮೇಲಿನ ಮಚ್ಚೆಗಳನ್ನು ನೋಡುವುದೇ ಅವಳ ಕೆಲಸ. ನಮ್ಮ ಊರಿನಿಂದ ಒಂದು ನರಪಿಳ್ಳೆಯೂ ಅವಳ ಹತ್ತಿರ ಹೋಗುತ್ತಿರಲಿಲ್ಲ. ಹೋದರೆ ಗುರುತು ಬದಲಾಗಿದೆ ಅಂತ ತಾನೇ ಸಾರಿದ ಹಾಗಲ್ಲವೆ? ಸೇತುವೆಯ ಮೇಲೆ ಹುಲ್ಲು ಬೆಳೆದಿತ್ತು. ನಾನು ಮಾತ್ರ ಕೆಮ್ಮಣ್ಣು ತರುವ ನೆಪದಲ್ಲಿ ಹೋಗಿ, ಅವಳ ಜೊತೆ ಚೌಕಾಬಾರ ಆಡಿ, ಮೋಸ ಮಾಡಿ ಗೆದ್ದು ಬರುತ್ತಿದ್ದೆ.

ಅವತ್ತೂ ಕವಡೆ ಹಾಕುತ್ತ, ಸುಮ್ಮನೆ ಮಾತಿಗೆ ಅನ್ನುವ ಹಾಗೆ ಕೇಳಿದೆ. "ಒಂದು ದೋಸೆ ಇದೆ ಅನ್ಕೊಳ್ಳಿ. ಮೊದಲು ಚೆನ್ನಾಗಿ ಗುಂಡಗಿತ್ತು."

"ಈಗ ನಡುವೆ ಮಡಿಸಿದರೆ ಎರಡು ಅರ್ಧ ಕೂಡತ್ತಾ?" ಅಂದಳು ಅವಳು, ಯಾವ ದೋಸೆ ಅಂತ ಅರ್ಥವಾಗಿ.

"ಇಲ್ಲ."

"ಅಂಚು?"

"ಹರಿದಿದೆ."

"ಬಣ್ಣ ಒಂದೇನಾ?"

"ಮೂರು."

ಅವಳ ಕೈಯಲ್ಲಿದ್ದ ಕವಡೆ ಅಲ್ಲೇ ನಿಂತಿತು. "ಹೋದ ವರ್ಷಕ್ಕಿಂತ ದೊಡ್ಡದಾ? ಅದು ಒಂದೇ ಬೇರೆಯವುಗಳ ಥರ ಇಲ್ಲದೆ ಎದ್ದು ಕಾಣತ್ತಾ?"

"ದೋಸೆ ಕೆರೆಯತ್ತೆ, ಅಮ್ಮ. ರಕ್ತನೂ ಬರತ್ತೆ."

ಅವಳು ಆಟದ ನಡುವೆ ಎದ್ದು ನಿಂತಳು. ಅವಳು ಗೆಲ್ಲುವ ಆಟ ಅದು, ಆದರೂ ಎದ್ದಳು. "ಮಚ್ಚೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಮ್ಮನೆ ಇರತ್ತೆ ಕಣಯ್ಯ, ಮೈ ಜೊತೆ ಬೆಳೆದ್ರೂ ಸಾಯೋ ತನಕ ಏನೂ ತೊಂದರೆ ಕೊಡಲ್ಲ. ಇದು ಆ ಒಂದಿರಬಹುದು. ಇಲ್ಲದೇನೂ ಇರಬಹುದು. ನೋಡದೆ ಹೇಳೋಕಾಗಲ್ಲ. ಕರ್ಕೊಂಡು ಬಾ."

"ಒಪ್ಪಿಸುವ ದಿನ ಕಳೀಲಿ—"

"ಬೇಗ," ಅಂದಳು. ಅಷ್ಟೇ ಅಂದಳು.

ಮರುದಿನ ಮಧ್ಯಾಹ್ನ ದೋಸೆಯವಳು ಬಂದಳು. ನಾನು ಬಣ್ಣದ ಬಟ್ಟಲನ್ನು ಹಿಂದಕ್ಕೆ ಸರಿಸಿದೆ.

"ಇದನ್ನ ಬಳಿಯೋದಲ್ಲ ಕಣೇ, ತೋರಿಸೋದು. ಸೇತುವೆ ದಾಟು. ಊರಲ್ಲಿ ನಿಂದೊಂದೇ ಹಿಂಗಿರೋದು."

"ಹೋದ ವರ್ಷನೂ ಹಂಗೇ ಅಂದಿದ್ದೆ."

"ಆಗ ಸುಳ್ಳು ಹೇಳಿದ್ದೆ. ಈಗ ನಿಜ."

"ಅದರ ಹಿಂದಿನ ವರ್ಷ?"

"ಅದೂ ಸುಳ್ಳು."

"ಥೂ ನಿನ್ನ!" ಅಂದಳು. "ನೀನು ಬೆಂಕಿ ಬಿದ್ದಿದೆ ಅಂದ್ರೂ ನಾನು ಕೈಯಿಟ್ಟು ನೋಡೋಳು. ಸೇತುವೆ ದಾಟಿದ್ರೆ ನನ್ನನ್ನೂ ಅಪ್ಪನ ಪಕ್ಕ ಕೂರಿಸ್ತಾರೆ. ಆಮೇಲೆ ಇಬ್ಬರಿಗೂ ದೋಸೆ ಯಾರು ಹಾಕ್ತಾರೆ, ನೀನಾ? ಬಳಿಯೋದಾದ್ರೆ ಬಳಿ, ಇಲ್ದಿದ್ರೆ ಹೆಂಚಿನ ಮಸಿ ನಂಗೇನೂ ಕಮ್ಮಿ ಇಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದೆ ಅಂದಳು.

ನಾನು ಬಟ್ಟಲು ಹತ್ತಿರ ಎಳೆದುಕೊಂಡೆ. ಬಳಿದೆ. ಅವಳಿಗಷ್ಟೇ ಅಲ್ಲ, ಆ ವಾರ ಬಂದವರಿಗೆಲ್ಲ ಬಳಿದೆ, ಯಜಮಾನನಿಗೂ. ಒಂದೇ ಒಂದು ವ್ಯತ್ಯಾಸ: ಆ ಸಲ ಬಣ್ಣವನ್ನು ಗೋಂದಿನಲ್ಲಿ ಕಲಸಲಿಲ್ಲ, ಬೆಲ್ಲದ ಪಾಕದಲ್ಲಿ ಕಲಸಿದೆ. ಒಬ್ಬಳ ಜೀವ ಉಳಿಸುವುದಕ್ಕೆ ಹಾಗೆ ಮಾಡಿದೆ ಅಂತ ನಾನು ಹೇಳುತ್ತೇನೆ. ಗೋಂದು ನಿಜವಾಗಿಯೂ ಮುಗಿದಿತ್ತು ಅಂತ ಕೆಲವರು ಹೇಳುತ್ತಾರೆ. ಹೇಳಲಿ ಬಿಡಿ.

ಒಪ್ಪಿಸುವ ದಿನ ಬಂತು. ಬಿಸಿಲು ಚೆನ್ನಾಗಿತ್ತು. ಚಾವಡಿಯ ಮುಂದೆ ಮುನ್ನೂರು ಜನ, ಮುನ್ನೂರು ಮುಖದ ಮೇಲೂ ಒಂದೇ ನೆಮ್ಮದಿ. ಯಜಮಾನ ಮೊದಲು ಪರದೆಯ ಹಿಂದೆ ಹೋಗಿ, ಕನ್ನಡಿ ನೋಡಿ, "ಕೂಡಿತು" ಅಂದು ಬಂದು ಪೀಠದ ಮೇಲೆ ಕೂತ.

"ಯಾರ ಮನೆಯದು?"

"ಗುರುತು ಹೇಳಲಿ."

"ಕೂಡಿತು." ಠಣ್.

"ಯಾರ ಮನೆಯದು?"

"ಗುರುತು ಹೇಳಲಿ."

"ಕೂಡಿ—" ಅಂದವನು ಪೀಠದ ಮೇಲೆ ಸ್ವಲ್ಪ ಎಡಕ್ಕೆ ಸರಿದ. "ಕೂಡಿತು." ಆಮೇಲೆ ಬಲಕ್ಕೆ ಸರಿದ.

ಮೊದಲ ಇರುವೆ ಎಲ್ಲಿಂದ ಹೊರಟಿತೋ ನನಗೆ ಗೊತ್ತಿಲ್ಲ. ಎರಡನೆಯದು ಅದರ ಹಿಂದೆಯೇ ಬಂತು. ಆಮೇಲೆ ಚಾವಡಿಯ ಮೂಲೆಯಿಂದ, ಆಲದ ಬೇರಿನಿಂದ, ಹೆಂಚಿನ ಸಂದಿನಿಂದ, ದಾರದ ಹಾಗೆ, ಹಗ್ಗದ ಹಾಗೆ, ಕೆಂಪಿರುವೆ. ಅವಕ್ಕೆ ಯಾವ ಮನೆಯೂ ತಪ್ಪಲಿಲ್ಲ. ಒಂದೊಂದು ಸಾಲು ಒಂದೊಂದು ಮೈ ಹತ್ತಿತು, ನೇರ ಹೋಗಿ ಮಚ್ಚೆಯ ಸುತ್ತ ಉಂಗುರ ಕಟ್ಟಿತು. ಊರಿಡೀ ಗಾಂಭೀರ್ಯದಿಂದ ನಿಂತಿತ್ತು. ಕೆರೆದುಕೊಂಡರೆ ಬಣ್ಣ ಹೋಗುತ್ತದೆ, ಕೆರೆದುಕೊಳ್ಳದಿದ್ದರೆ ಜೀವ ಹೋಗುತ್ತದೆ. ಮುನ್ನೂರು ಜನ ಹಲ್ಲು ಕಚ್ಚಿಕೊಂಡು, ಮುಗುಳ್ನಗುತ್ತ, ಒಂದು ಕಾಲ ಮೇಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದರು. ಗರಡಿಮನೆಯ ಪೈಲ್ವಾನ ಕಂಬಕ್ಕೆ ಬೆನ್ನು ಉಜ್ಜುತ್ತ "ಸೆಖೆ" ಅಂದ. ಅವನ ಪಕ್ಕದವಳು "ಭಾರಿ ಸೆಖೆ" ಅಂದು ತಾನೂ ಉಜ್ಜಿದಳು.

ಯಜಮಾನ ಎಲ್ಲರಿಗಿಂತ ಹೆಚ್ಚು ತಡೆದುಕೊಂಡ, ಆ ಗೌರವ ಅವನಿಗೆ ಸಲ್ಲಬೇಕು. "ಯಾರ ಮನೆಯದು" ಅಂತ ಕೇಳಲು ಬಾಯಿ ತೆರೆದ. ಬಂದದ್ದು "ಅಯ್ಯಯ್ಯಯ್ಯೋ!" ಪೀಠದಿಂದ ಮೊಳದೆತ್ತರ ಹಾರಿದ. ಪಂಚೆ ಅಲ್ಲೇ ಉಳಿಯಿತು. ಊರು ನೋಡಿತು: ಅಂಗೈಯಗಲ ನೀಲಿ, ನೀಲಿಯ ಮೇಲೆ ಕೆಂಪಿರುವೆ, ಅವನು ಕೈಯಲ್ಲಿ ಬಡಿದುಕೊಂಡ ಹಾಗೆಲ್ಲ ನೀಲಿ ಕರಗಿ, ಮಾಮೂಲು ಮನುಷ್ಯರಿಗೆ ಇರುವಂಥದೇ ಒಂದು ಹಿಂಬದಿ.

ಆಮೇಲೆ ಮುನ್ನೂರು ಜನರೂ ಒಟ್ಟಿಗೆ ಕೆರೆದುಕೊಳ್ಳತೊಡಗಿದರು. ಆಹಾ, ಆ ಸದ್ದು! ಇಪ್ಪತ್ತು ವರ್ಷದ ನನ್ನ ಕೈಕೆಲಸವೆಲ್ಲ ಬಿಸಿಲಲ್ಲಿ ಉದುರಿತು. ಜನ ಒಬ್ಬರ ತೋಳನ್ನು ಒಬ್ಬರು ನೋಡಿದರು, ಕತ್ತು ನೋಡಿದರು, ಕಾಲು ನೋಡಿದರು.

"ನಿಂದೂನಾ?"

"ನಿಂದೂನಾ?"

"ನಂದೊಂದೇ ಅನ್ಕೊಂಡಿದ್ದೆ ಮಾರಾಯ್ತಿ!"

"ನಂಗೂ ಹಂಗೇ ಹೇಳಿದ್ದ ಆ ಬಣ್ಣದ ಬಡವಾ!"

ಹಲಗೆಯ ಮೇಲೆ ಒಂದೇ ಒಂದು ಇರುವೆಯೂ ಹತ್ತಿರಲಿಲ್ಲ. ಅಜ್ಜ ಕಾಲಾಡಿಸುತ್ತ ಕೂತು ಎಲ್ಲ ನೋಡುತ್ತಿದ್ದ. "ಇದೇನಿದು ಸ್ವಾಮಿ, ಎಲ್ಲರದ್ದೂ ಬೆಳೆದಿದೆ?" ಅಂತ ಯಜಮಾನನನ್ನು ಕೇಳಿದ, ಬಹಳ ಮರ್ಯಾದೆಯಿಂದ.

ಯಜಮಾನ ಪಂಚೆ ಸುತ್ತಿಕೊಂಡ. ಅವನಿಗೆ ನಿಯಮ ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ. "ಗುರುತು ಕೂಡದವರು ಹಲಗೆಗೆ," ಅಂದ. ಹಲಗೆಯ ಮೇಲೆ ಹಿಡಿಸುವುದು ಹನ್ನೆರಡೇ ಜನ. ಮುನ್ನೂರು ಜನ ಸಾಲಾಗಿ ಹತ್ತಲು ಹೋದರು, ನಂಬಿ, ಸುಮ್ಮನೆ ಹೋದರು. ಇಪ್ಪತ್ತನೆಯವನು ಹತ್ತಿದಾಗ ಹಲಗೆ ಲಟಕ್ಕನೆ ಒಂದು ಕಡೆ ಬಾಗಿತು. ಎಲ್ಲರೂ ಒಬ್ಬರ ಮೇಲೊಬ್ಬರು ಜಾರಿ ಕೆಳಗೆ ಬಂದರು, ಅಜ್ಜನೂ. ಹನ್ನೊಂದು ವರ್ಷದ ಮೇಲೆ ನೆಲ ಮುಟ್ಟಿದವನು ಕೂತಲ್ಲೇ ಒಮ್ಮೆ ನೆಲ ತಟ್ಟಿ ನೋಡಿದ.

ದೋಸೆಯವಳು ಗುಂಪು ಸರಿಸಿಕೊಂಡು ಬಂದಳು. ಅಪ್ಪನ ರಟ್ಟೆ ಹಿಡಿದಳು.

"ಇದು ನಮ್ಮನೇದು."

"ಗುರುತು?" ಅಂದ ಯಜಮಾನ. ಅಭ್ಯಾಸಬಲ.

"ಹನ್ನೊಂದು ವರ್ಷದಿಂದ ನನ್ನ ದೋಸೆಗೆ ಉಪ್ಪು ಕಮ್ಮಿ ಅಂತಾನೆ. ಇನ್ನೇನು ಗುರುತು ಬೇಕು ನಿನಗೆ?"

ಯಜಮಾನ ಪೆಟ್ಟಿಗೆ ನೋಡಿದ, ಬಟ್ಟೆ ನೋಡಿದ, ಆಕಾಶ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ "ಕೂಡಿತು" ಅಂದ. ಠಣ್ ಅನ್ನಲಿಲ್ಲ, ತಟ್ಟೆ ಹೊಡೆಯುವವನು ಕೆರೆದುಕೊಳ್ಳುತ್ತಿದ್ದ.

ಅದಾದ ಮೇಲೆ ನೋಡಬೇಕಿತ್ತು. ಗೊರಕೆಯ ಗುರುತಿನ ಮೇಲೆ ಗಂಡಂದಿರನ್ನು ಬಿಡಿಸಿಕೊಂಡರು, ಸೀನಿನ ಗುರುತಿನ ಮೇಲೆ ಅತ್ತೆಯರನ್ನು. ಇದೇ ಸಂದರ್ಭ ಅಂತ ಒಬ್ಬಿಬ್ಬರು ಪಕ್ಕದ ಮನೆಯವರನ್ನು ಕೇಳಿ ನೋಡಿದರು, ಸಿಗಲಿಲ್ಲ.

ಅಜ್ಜ ಮಾತ್ರ ಮಗಳ ಕಾಲನ್ನೇ ನೋಡುತ್ತಿದ್ದ. ಇರುವೆ ಕಚ್ಚಿ, ಬಣ್ಣ ಕರಗಿ, ರಕ್ತದ ಒಂದು ಗೆರೆ ಕಾಲ್ಗಡಗದ ತನಕ ಇಳಿದಿತ್ತು.

"ನಂದು ಬೆಳೆದಿತ್ತು," ಅಂದ. "ಇದು ಬೆಳೆದಿರೋದಲ್ಲ ಮಗಾ."

ಸುತ್ತ ನಿಂತವರೂ ನೋಡಿದರು. ಎಲ್ಲರ ಮಚ್ಚೆ ಬಯಲಾದ ಆ ಬಿಸಿಲಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುನ್ನೂರರಲ್ಲಿ ಅದೊಂದೇ ಹಾಗಿತ್ತು. ದೋಸೆಯವಳು ತನ್ನ ಕಾಲನ್ನೂ ಊರಿನ ಕಾಲುಗಳನ್ನೂ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಪ್ಪನ ಕೈ ಹಿಡಿದು ಸೇತುವೆಯ ಹುಲ್ಲು ತುಳಿದುಕೊಂಡು ಹೋದಳು. ಅಜ್ಜನಿಗೆ ನಡಿಗೆ ಮರೆತಿತ್ತು, ಅವಳಿಗೆ ಕಾಲು ನೋಯುತ್ತಿತ್ತು, ಯಾರು ಯಾರನ್ನು ಹಿಡಿದುಕೊಂಡಿದ್ದರೋ ಗೊತ್ತಾಗಲಿಲ್ಲ.

ಇತ್ತ ಊರು ನನ್ನ ಕಡೆ ತಿರುಗಿತು.

"ಇವನದೇನು ಗುರುತು, ತೊಳೀರಿ ನೋಡೋಣ," ಅಂದ ಪೈಲ್ವಾನ. ಅಂಟುವಾಳದ ನೀರು ತಂದು ನನ್ನ ಎದೆ ತೊಳೆದರು. ತೊಳೆದರು, ತೊಳೆದರು. ಏನೂ ಉಳಿಯಲಿಲ್ಲ. ಹುಟ್ಟಿದ ಮೂರನೆಯ ದಿನ ಸೂಲಗಿತ್ತಿಯ ಬಾಯಿಂದ ನನ್ನ ಎದೆಯ ಮೇಲೆ ಎಲೆಯಡಿಕೆ ರಸದ ಒಂದು ಹನಿ ಬಿದ್ದಿತ್ತು, ಅವಳಿಗೆ ಕಣ್ಣು ಮಂಜು, ಅದನ್ನೇ ಬರೆದುಕೊಂಡು ಹೋಗಿದ್ದಳು. ನನಗೆ ಮಚ್ಚೆಯೇ ಇರಲಿಲ್ಲ. ದೊಡ್ಡವನಾದಾಗಿನಿಂದ ವರ್ಷ ವರ್ಷ ಅದನ್ನೇ ಬರೆದುಕೊಂಡು, ನಾನು ಒಂದು ಉಗುಳಿಗೆ ಒಪ್ಪಿಸಿಕೊಂಡು ಬಂದವನು.

ಬಾಗಿದ ಹಲಗೆಗೆ ಮೊಳೆ ಹೊಡೆದು, ನನ್ನನ್ನು ಕೂರಿಸಿದರು. "ಯಾರಾದ್ರೂ ಇದು ನಮ್ಮನೇದು ಅಂದ್ರೆ ಇಳಿ," ಅಂದರು. ನನಗೆ ಹೆಂಡತಿಯಿಲ್ಲ, ಅಣ್ಣತಮ್ಮಂದಿರಿಲ್ಲ. ಇಪ್ಪತ್ತು ವರ್ಷ ಪ್ರತಿಯೊಬ್ಬರಿಗೂ ಗುಟ್ಟಿನ ಗೆಳೆಯನಾಗಿದ್ದವನನ್ನು ಗುಟ್ಟು ಬಯಲಾದ ಮೇಲೆ ಯಾರು ಕೇಳುತ್ತಾರೆ? ಮುರಿದ ಕೊಡೆಗಳನ್ನು ಮಾತ್ರ ಮೇಲಕ್ಕೆ ಚಾಚಿದರು. ಆ ವಿದ್ಯೆ ನನಗೆ ಬರುತ್ತಿರಲಿಲ್ಲ. ಎರಡು ಕೊಡೆ ಪೂರ್ತಿ ಹಾಳು ಮಾಡಿದೆ.

ಒಂದು ದಿನ ಆಯಿತು, ಎರಡಾಯಿತು. ಎದುರಿನ ಒಲೆಯಲ್ಲಿ ಹೊಗೆಯಿಲ್ಲ. ಊರು ಈಗ ಸೇತುವೆಯ ಮೇಲೆ ಸಾಲು ನಿಂತಿತ್ತು. ಹಿಂತಿರುಗಿದವರನ್ನು ಹಲಗೆಯ ಮೇಲಿಂದಲೇ ಕೂಗಿ ಕೇಳುತ್ತಿದ್ದೆ.

"ಏನಂದಳು?"

"'ಇದು ಬೆಳೆದಿದೆ, ನೀವೂ ಬೆಳೆದಿದ್ದೀರಿ, ಮನೆಗೆ ಹೋಗಿ' ಅಂದಳು."

ಹೆಚ್ಚುಕಮ್ಮಿ ಎಲ್ಲರಿಗೂ ಅದೇ ಮಾತು. ಪೈಲ್ವಾನನ ಬೆನ್ನ ಮೇಲೆ ತಟ್ಟೆಯಗಲ ಕೂದಲು ಬೆಳೆದ ಕಪ್ಪು ಮಚ್ಚೆ, ಅವನಿಗೆ ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದಳಂತೆ. ಮೈಮೇಲೆ ಚಹಾ ಹನಿಯಂಥ ಏಳೆಂಟು ಕಲೆಯಿದ್ದ ಒಂದು ಕೂಸನ್ನು ಮತ್ತೆ ಕರೆದುಕೊಂಡು ಬನ್ನಿ, ಎಣಿಸಬೇಕು, ಕಣ್ಣನ್ನೂ ನೋಡಿಸಬೇಕು ಅಂದಳಂತೆ. ಯಜಮಾನನಿಗೆ, "ಮಾಸೋದೇ ಅದರ ಧರ್ಮ ಸ್ವಾಮಿ" ಅಂದಳಂತೆ. ಅವನು ಸೇತುವೆಯ ಕಟ್ಟೆಯ ಮೇಲೆ ಕೂತು, ಮಗುವಿನ ಹಾಗೆ ಅತ್ತು, ಆಮೇಲೆ ಕಡಲೆಪುರಿ ತಿಂದನಂತೆ.

"ದೋಸೆಯವಳು?" ಅಂತ ಕೇಳುತ್ತಿದ್ದೆ.

"ಅವಳನ್ನ ಇರಿಸ್ಕೊಂಡಿದ್ದಾಳೆ," ಅನ್ನುತ್ತಿದ್ದರು. ಇನ್ನೇನೂ ಹೇಳುತ್ತಿರಲಿಲ್ಲ.

ಮಂಗಳವಾರ ನನ್ನ ಧೂಳು ಹೊಡೆದರು. ಕಾಲೆತ್ತು ಅಂದಾಗ ಎತ್ತಿದೆ, ಬಿಡು ಅಂದಾಗ ಬಿಟ್ಟೆ. ಹೋದ ವರ್ಷ 'ಹಿಟ್ಟು ಹರಿದುಬಿಟ್ಟಿದೆ' ಅಂದಿದ್ದೆನಲ್ಲ, ಅದೇ ಮಾತು ಹಗಲೆಲ್ಲ ಕಿವಿಯಲ್ಲಿ ಹರಿಯುತ್ತಿತ್ತು. ಅಷ್ಟು ಒಳ್ಳೆಯ ತಮಾಷೆ ಅಲ್ಲ ಅದು, ಈಗ ಯೋಚಿಸಿದರೆ.

ಹದಿನಾರನೆಯ ಬೆಳಗ್ಗೆ ಎದುರಿನ ಒಲೆಯಲ್ಲಿ ಹೊಗೆ ಕಾಣಿಸಿತು. ಹೆಂಚಿನ ಮೇಲೆ ಹಿಟ್ಟು ಚುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಅವಳು ಕುಂಟುತ್ತ ಬಂದಳು, ಹಿಂದೆ ಅಜ್ಜ. ಮೀನಖಂಡದ ಮೇಲೆ ಮಚ್ಚೆ ಇರಲಿಲ್ಲ. ಗೋಣಿಚೀಲದ ಬಾಯಿ ಹೊಲಿದ ಹಾಗೆ ಒಂದು ಹೊಲಿಗೆ ಇತ್ತು.

"ಏನಂದಳು?" ಅಂತ ಕೇಳಿದೆ.

"ಕತ್ತರಿಸಿ ತೆಗೆದು ಪಟ್ಟಣಕ್ಕೆ ಕಳಿಸಿ ನೋಡಿಸಿದಳು. ಕೆಟ್ಟದ್ದೇ ಅಂತೆ. ಬೇರು ಇಳಿಯೋಕೆ ಮುಂಚೆ ಸಿಕ್ಕಿದೆಯಂತೆ. ಇನ್ನೊಂದು ವರ್ಷ ನಿನ್ನ ಅಕ್ಕಿಹಿಟ್ಟಿನ ಕೆಳಗೆ ಇದ್ದಿದ್ರೆ, ನೀನು ನನ್ನ ತಿಥಿ ಊಟ ಮಾಡ್ತಿದ್ದೆ." ಕಾಲು ಸ್ವಲ್ಪ ಎತ್ತಿ ತಾನೇ ಒಮ್ಮೆ ನೋಡಿಕೊಂಡಳು. "ತಿಂಗಳಿಗೊಮ್ಮೆ ಮೈಯೆಲ್ಲ ನಾನೇ ನೋಡ್ಕೋಬೇಕಂತೆ. ಬೆನ್ನು ಮಾತ್ರ ಅಪ್ಪ ನೋಡ್ತಾನೆ."

ಯಜಮಾನ ತಟ್ಟೆ ಹಿಡಿದುಕೊಂಡು ಹತ್ತಿರ ಬಂದ. ಪಾಪ, ಅವನಿಗೆ ಇನ್ನೇನು ಮಾಡಬೇಕು ಅಂತ ಗೊತ್ತಿರಲಿಲ್ಲ. ನನ್ನನ್ನು ತೋರಿಸಿ ಕೇಳಿದ.

"ಯಾರ ಮನೆಯದು?"

ಚಾವಡಿಯ ಮುಂದೆ ಇದ್ದವರು ಯಾರೂ "ಗುರುತು ಹೇಳಲಿ" ಅನ್ನಲಿಲ್ಲ.

ದೋಸೆಯವಳು ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ, ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಗಾಜು ಹಿಡಿದ ನೋಡುವವಳ ಹಾಗೇ ನೋಡಿದಳು.

"ಮಡಿಸಿದರೆ ಎರಡು ಕಡೆ ಕೂಡಲ್ಲ," ಅಂದಳು. "ಅಂಚು ನೆಟ್ಟಗಿಲ್ಲ. ಬಣ್ಣ ಗಳಿಗೆಗೊಂದು. ವರ್ಷ ವರ್ಷ ಜಾಸ್ತಿ ಆಗ್ತಾ ಇದೆ."

"ಕೆರೆಯತ್ತೆ, ರಕ್ತ ಬರಿಸತ್ತೆ," ಅಂತ ಮುಂದುವರಿಸಿದಳು. "ನ್ಯಾಯವಾಗಿ ನೋಡಿದ್ರೆ ಇವತ್ತೇ ಕತ್ತರಿಸಿ ಎಸೀಬೇಕು."

ಅಜ್ಜ ಏಣಿ ತಂದು ಹಲಗೆಗೆ ಒರಗಿಸಿದ.

"ಇಳಿಸಿ ಆಚೆ," ಅಂದಳು. "ನಮ್ಮನೇದು. ನಾನು ಕಣ್ಣಿಟ್ಟಿರ್ತೀನಿ."